ನಾಡಿಯ ಮೇಲೆ ಕೂತಿದ್ದ ಗಂಟು

ಮಣಿಕಟ್ಟಿನ ಗಂಟು ಒಡೆಯುವುದು ಕಷ್ಟದ ಕೆಲಸವಲ್ಲ. ಕೈಯನ್ನು ಕೆಳಕ್ಕೆ ಬಗ್ಗಿಸಿದರೆ ಗಂಟು ಹಿಂಬದಿಯಲ್ಲಿ ಎದ್ದು ನಿಲ್ಲುತ್ತದೆ. ಎರಡೂ ಹೆಬ್ಬೆರಳು ಜೋಡಿಸಿ ಅದರ ಮೇಲಿಡಬೇಕು. ಗಂಡಸಾದರೆ ರಾಗಿ ಎಷ್ಟು ಬಂತು ಅಂತ ಕೇಳಬೇಕು, ಹೆಂಗಸಾದರೆ ಅತ್ತೆ ಹೇಗಿದ್ದಾಳೆ ಅಂತ ಕೇಳಬೇಕು. ಅವರು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಒತ್ತಿಬಿಡಬೇಕು. ಒಳಗೆ ಪಟ್ ಅನ್ನುತ್ತದೆ, ಗಂಟು ಕರಗಿಹೋಗುತ್ತದೆ. ಹಾರನಹಳ್ಳಿಯ ನನ್ನ ಮನೆ ಜಗಲಿಯ ಮೇಲೆ ಅಂಥವನ್ನು ಬೇಕಾದಷ್ಟು ಒಡೆದಿದ್ದೇನೆ. ಉಳುಕು ತೆಗೆಯುವುದು, ಜಾರಿದ ಕೀಲು ಕೂರಿಸುವುದು, ಬಿದಿರ ದಬ್ಬೆ ಕಟ್ಟುವುದು ನನ್ನ ಕೆಲಸ. ಆದರೆ ಇಲ್ಲಿ ಬರೆಯುವುದು ನಾನು ಒಡೆಯದೆ ಬಿಟ್ಟ ಒಂದು ಗಂಟಿನ ವಿಷಯ. ನನಗೆ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆಯೇ.

ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಅರಸೀಕೆರೆ ಕಡೆಯಿಂದ ಬಂದ ಟೆಂಪೋದಿಂದ ಒಬ್ಬ ತಾಯಿ, ಅವಳ ಮಗಳು ಇಳಿದು ನೇರವಾಗಿ ನನ್ನ ಜಗಲಿಗೆ ಬಂದರು. ಹುಡುಗಿಗೆ ಹದಿನಾರೋ ಹದಿನೇಳೋ ಇರಬೇಕು. ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ನೋವಿನ ಕೈ ಇದ್ದವರೆಲ್ಲ ಹಾಗೇ ಹಿಡಿಯುತ್ತಾರೆ, ಯಾರೋ ಕಿತ್ತುಕೊಂಡು ಓಡುತ್ತಾರೆ ಅನ್ನುವ ಹಾಗೆ.

ತಾಯಿ ಕೂರುವ ಮೊದಲೇ ಶುರು ಮಾಡಿದಳು. "ಗಂಟಾಗೈತೆ ಕಣಜ್ಜಿ. ಒಂದೇ ಏಟಿಗೆ ಒಡೆದುಬಿಡಿ. ನಮ್ಮ ಬೀದಿಯವಳ್ದು ನೀವೇ ಅಲ್ವಾ ಒಡೆದಿದ್ದು?"

"ಮೊದಲು ಕೂತ್ಕೊ. ಒಡೆಯೋದು ನಾನು, ಅವಸರ ನಿನಗ್ಯಾಕೆ?" ಅಂದೆ.

ಹುಡುಗಿಯ ಕೈಯನ್ನು ನನ್ನ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡೆ. ಗಂಟು ಹಿಂಬದಿಯಲ್ಲಿ ಇರಲಿಲ್ಲ. ಅಂಗೈ ಕಡೆ, ಹೆಬ್ಬೆರಳಿನ ಬುಡಕ್ಕೆ ಸ್ವಲ್ಪ ಕೆಳಗೆ ಇತ್ತು. ಜ್ವರ ಬಂದಾಗ ನಾಡಿ ನೋಡುವ ಜಾಗವದು. ಗೋಲಿಯಷ್ಟು ದೊಡ್ಡದು, ಗಟ್ಟಿ. ಬೆರಳಿಟ್ಟರೆ ಹುಡುಗಿ ಉಸಿರು ಎಳೆದುಕೊಂಡಳು.

ನಾನು ಗಂಟನ್ನು ನೋಡುವುದು ಕಣ್ಣಿನಿಂದಲ್ಲ. ಮೂರು ಬೆರಳನ್ನು ಹಗುರವಾಗಿ ಇಟ್ಟು ಸುಮ್ಮನೆ ಕಾಯುತ್ತೇನೆ. ಒತ್ತಿದರೆ ಏನೂ ಗೊತ್ತಾಗುವುದಿಲ್ಲ. ಕಾದರೆ ಗೊತ್ತಾಗುತ್ತದೆ. ಇದರ ಮೇಲೆ ಬೆರಳಿಟ್ಟಾಗ ಒಳಗಿನಿಂದ ಡುಬ್ ಡುಬ್ ಅಂತ ಬಡಿತ ಬಂತು. ಬೆರಳನ್ನು ಒಂದು ಕೂದಲಿನಷ್ಟು ಆಚೆ ಸರಿಸಿದೆ. ಅಲ್ಲಿ ಬಡಿತ ಇರಲಿಲ್ಲ. ತಿರುಗಿ ಈಚೆ ತಂದೆ, ಇತ್ತು. ನಾಡಿ ಗಂಟಿನ ಬೆನ್ನ ಮೇಲೇ ಹಾದುಹೋಗಿತ್ತು. ನಾನು ಹೆಬ್ಬೆರಳು ಜೋಡಿಸಿ ಒತ್ತಿದರೆ ಮೊದಲು ಜಜ್ಜುವುದು ಗಂಟಲ್ಲ, ರಕ್ತದ ದಾರಿ.

"ಇದನ್ನ ನಾನು ಮುಟ್ಟಲ್ಲ" ಅಂದೆ.

ತಾಯಿಯ ಮುಖ ಬಿಗಿಯಿತು. "ಅಷ್ಟು ದೂರದಿಂದ ಬಂದಿದ್ದೀವಿ."

"ದೂರದಿಂದ ಬಂದ್ರಿ ಅಂತ ಕೈ ಹಾಳು ಮಾಡ್ಲಾ? ಡಾಕ್ಟ್ರಿಗೆ ತೋರ್ಸು."

"ಅವ್ರು ಕೊಯ್ತಾರೆ. ಕೊಯ್ದ್ರೆ ಕೈ ಬಿದ್ದೋಯ್ತದೆ. ನಮ್ಮೋರಲ್ಲಿ ಒಬ್ಬನಿಗೆ ಆಗೈತೆ."

ಹುಡುಗಿ ಮಧ್ಯೆ ಬಾಯಿ ಹಾಕಿದಳು. "ಅಜ್ಜಿ, ಎಷ್ಟು ದಿನಕ್ಕೆ ವಾಸಿಯಾಗುತ್ತೆ? ನನಗೆ ಟೈಪಿಂಗ್ ಪರೀಕ್ಷೆ ಐತೆ" ಅಂದಳು.

ಆಗ ವಿಷಯ ಹೊರಗೆ ಬಂತು. ಹುಡುಗಿ ಎಸ್ಸೆಲ್ಸಿ ಮುಗಿಸಿ, ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಳು. ಆ ಕಾಲದಲ್ಲಿ ನಮ್ಮ ಕಡೆ ಕಂಪ್ಯೂಟರ್ ಅಂದರೆ ಕೇಳಿದ ಮಾತು ಅಷ್ಟೆ, ಕಚೇರಿ ಕೆಲಸಕ್ಕೆ ಟೈಪಿಂಗ್ ಸರ್ಟಿಫಿಕೇಟು ಬೇಕಿತ್ತು. ತಾಯಿ ಕೊಬ್ಬರಿ ಮಂಡಿಯಲ್ಲಿ ಕಾಯಿ ಬಿಡಿಸುವವಳು. ಮಚ್ಚಿನ ಬೆನ್ನಿನಲ್ಲಿ ಕುಟ್ಟಿ ಕುಟ್ಟಿ ಕರಟ ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳದ ಹಾಗೆ ತೆಗೆಯುವ ಕೆಲಸ. ತಂದೆ ಅಲ್ಲೇ ಮೂಟೆ ಹೊರುವವನು. ಅವನು ಮಗಳಿಗೆ ಹೇಳಿದ್ದ ಮಾತು ಒಂದೇ: ಈ ಸಲ ಪರೀಕ್ಷೆ ಪಾಸಾದರೆ ಕಚೇರಿ ಕೆಲಸ ಹುಡುಕೋಣ, ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ಮಚ್ಚು ಹಿಡಿದು ಕೂರು. ಆ ಮಣಿಕಟ್ಟಿನಲ್ಲಿ ಮಚ್ಚು ಹಿಡಿದರೆ ಒಂದು ವರ್ಷಕ್ಕೆ ಕೈ ಮುಗಿಯುತ್ತದೆ ಅಂತ ನನಗೆ ಗೊತ್ತಿತ್ತು. ಆ ಕೆಲಸದ ಹೆಂಗಸರ ಮಣಿಕಟ್ಟುಗಳೇ ನನ್ನ ಜಗಲಿಗೆ ಹೆಚ್ಚು ಬರುತ್ತಿದ್ದದ್ದು.

ತೆಳ್ಳಗೆ ಸೀಳಿದ ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಮಣಿಕಟ್ಟು ಅಲ್ಲಾಡದ ಹಾಗೆ ಕಟ್ಟಿದೆ. ಗಂಟಿನ ಮೇಲೆ ಬಟ್ಟೆ ತಾಗಬಾರದು ಅಂತ ಅಲ್ಲಿ ಕಿಟಕಿಯಂತೆ ಜಾಗ ಬಿಟ್ಟೆ. ಕೈಗೆ ಬಿಡುವು ಕೊಡು, ಡಾಕ್ಟರಿಗೆ ತೋರಿಸು ಅಂತ ಎರಡು ಸಲ ಹೇಳಿ ಕಳಿಸಿದೆ. ತಾಯಿ ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ.

ಅವರು ಡಾಕ್ಟರ ಹತ್ತಿರ ಹೋಗಲಿಲ್ಲ. ಅವರ ಮನೆಯಲ್ಲಿ ಒಲೆ ಉರಿಯುವುದೇ ಕರಟದಿಂದ. ಕರಟದ ಮೇಲೆ ಕಾದ ಕಬ್ಬಿಣ ಇಟ್ಟರೆ ಕಪ್ಪಗೆ ಎಣ್ಣೆ ಜಿನುಗುತ್ತದೆ. ಹುಳುಕಡ್ಡಿಗೆ ನಮ್ಮ ಕಡೆ ಅದನ್ನು ಹಚ್ಚುತ್ತಾರೆ, ಒಂದು ಬೊಟ್ಟು ಇಟ್ಟರೆ ಉರಿದು ಹುಳುಕಡ್ಡಿ ಸಾಯುತ್ತದೆ. ಹುಳುಕಡ್ಡಿಯನ್ನು ಸುಡುವ ಎಣ್ಣೆ ಗಂಟನ್ನೂ ಸುಟ್ಟೀತು ಅಂತ ಆ ತಾಯಿಗೆ ಹೊಳೆಯಿತು. ನನ್ನ ದಬ್ಬೆ ಬಿಚ್ಚಿ, ಬಟ್ಟೆಗೆ ಕರಟದೆಣ್ಣೆ ನೆನೆಸಿ, ಗಂಟಿನ ಮೇಲೆ ಬಿಗಿಯಾಗಿ ಕಟ್ಟಿ, ಬೆಳಗ್ಗೆವರೆಗೆ ಬಿಟ್ಟಿದ್ದಳು.

ಹುಡುಗಿ ಈ ಸಲ ಒಬ್ಬಳೇ ಬಂದಳು. ಕೈಯನ್ನು ವೇಲಿನಲ್ಲಿ ಸುತ್ತಿಕೊಂಡಿದ್ದಳು. ಬಿಚ್ಚಿ ನೋಡಿದರೆ ಚರ್ಮ ಬೊಬ್ಬೆಯೆದ್ದು, ಒಡೆದು, ಅಂಗೈಯಷ್ಟು ಅಗಲ ಹಸಿಯಾಗಿತ್ತು. ಗಂಟು ಮಾತ್ರ ಇದ್ದ ಹಾಗೇ ಇತ್ತು.

"ಅಮ್ಮಂಗೆ ಬೈಬೇಡಜ್ಜಿ. ಅವಳೂ ಅತ್ತಳು" ಅಂದಳು ಹುಡುಗಿ.

"ಅತ್ತರೆ ಚರ್ಮ ತಿರುಗಿ ಬತ್ತದಾ?" ಅಂದೆ. ಬಾಯಿಗೆ ಬಂದ ಇನ್ನಷ್ಟನ್ನು ನುಂಗಿಕೊಂಡೆ.

ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ತೊಳೆದೆ. ನನ್ನ ಡಬ್ಬಿಯಲ್ಲಿ ಇದ್ದ ಯಾವ ಎಣ್ಣೆಯನ್ನೂ ಹಚ್ಚಲಿಲ್ಲ. ಇಸ್ತ್ರಿ ಪೆಟ್ಟಿಗೆಯವನ ಹತ್ತಿರ ಒಗೆದ ಬಿಳಿ ಪಂಚೆಯ ತುಂಡಿಗೆ ಬಿಸಿ ಇಸ್ತ್ರಿ ಹಾಕಿಸಿ ತಂದು ಮೇಲೆ ಹಾಸಿದೆ. ಆಮೇಲೆ ಸೀರೆ ಬದಲಿಸಿದೆ. ಇವರನ್ನು ಇವರಷ್ಟಕ್ಕೇ ಬಿಟ್ಟರೆ ಮುಂದಿನದು ಬರೆ ಹಾಕುವುದು ಅಂತ ನನಗೆ ಖಾತ್ರಿಯಿತ್ತು. ಜಗಲಿಯ ಮೇಲೆ ಕಾಲು ಉಳುಕಿಸಿಕೊಂಡ ಒಬ್ಬ ಕೂತಿದ್ದ.

"ಅಜ್ಜಿ, ನನ್ನ ಕಾಲು?" ಅಂದ.

"ನಿನ್ನ ಕಾಲು ಎಲ್ಲೂ ಓಡಿಹೋಗಲ್ಲ. ತಣ್ಣೀರಲ್ಲಿ ಇಟ್ಕೊಂಡು ಕೂತಿರು, ಬತ್ತೀನಿ" ಅಂದು ಹುಡುಗಿಯನ್ನು ಕರೆದುಕೊಂಡು ಅರಸೀಕೆರೆ ಟೆಂಪೋ ಹತ್ತಿದೆ.

ಅರಸೀಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಮೂಳೆ ಡಾಕ್ಟರು ಬರುತ್ತಿದ್ದರು. ವಯಸ್ಸು ಕಡಿಮೆ, ಮಾತೂ ಕಡಿಮೆ. ನಾನು ಯಾರು ಅಂತ ಹೇಳಿದಾಗ ಹುಬ್ಬು ಗಂಟಿಕ್ಕಿದರು. ನನ್ನಂಥವರು ಕಟ್ಟಿ ಕೆಡಿಸಿದ ಕೈಕಾಲುಗಳನ್ನು ಅವರು ನೋಡಿರಬೇಕು. ಸುಟ್ಟ ಚರ್ಮ ನೋಡಿ, "ಇದು ನಿಮ್ಮ ಕೆಲಸಾನಾ?" ಅಂದರು.

"ನನ್ನ ಕೆಲಸ ಆಗಿದ್ರೆ ನಿಮ್ಮತ್ರ ಕರ್ಕೊಂಡು ಬತ್ತಿದ್ನಾ? ಇದು ಅವರ ಮನೆಯ ಕರಟದೆಣ್ಣೆ. ನಾನು ಮುಟ್ಟಲಿಲ್ಲ. ಗಂಟಿನ ಮೇಲೆ ನಾಡಿ ಐತೆ, ಅದಕ್ಕೇ ಬಿಟ್ಟೆ."

ಅವರು ಹುಡುಗಿಯ ಕೈ ತೆಗೆದುಕೊಂಡರು. ಆ ದಿನ ಅವರು ಮಾಡಿದ ಎರಡು ಪರೀಕ್ಷೆ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಿಟಕಿ ಪರದೆ ಎಳೆದು ಕತ್ತಲು ಮಾಡಿ, ಗಂಟಿನ ಪಕ್ಕಕ್ಕೆ ಸಣ್ಣ ಬ್ಯಾಟರಿ ಹಿಡಿದರು. ಗಂಟು ಒಳಗಿನಿಂದ ಹಣ್ಣಾದ ಟೊಮೇಟೊದಂತೆ ಕೆಂಪಗೆ ಬೆಳಗಿತು. ಒಳಗೆ ಇರುವುದು ಮಾಂಸವಲ್ಲ, ತಿಳಿಯಾದ ಲೋಳೆ, ಅದಕ್ಕೇ ಬೆಳಕು ಹಾಯುತ್ತದೆ ಅಂದರು. ನಾನು ಅಷ್ಟು ವರ್ಷ ಅದನ್ನು ಕೆಟ್ಟ ರಕ್ತ ಅಂದುಕೊಂಡಿದ್ದೆ. ಇನ್ನೊಂದು, ಹುಡುಗಿಗೆ ಮುಷ್ಟಿ ಬಿಗಿಹಿಡಿ ಅಂದು, ಮಣಿಕಟ್ಟಿನ ಎರಡೂ ಬದಿಯ ನಾಡಿಯನ್ನು ಒತ್ತಿ ಹಿಡಿದರು. ಮುಷ್ಟಿ ಬಿಚ್ಚಿದಾಗ ಅಂಗೈ ಸುಣ್ಣದಂತಿತ್ತು. ಕಿರುಬೆರಳ ಕಡೆಯ ನಾಡಿ ಮಾತ್ರ ಬಿಟ್ಟರು. ಅಂಗೈ ಪೂರ್ತಿ ಕೆಂಪಾಯಿತು. ಒಂದು ದಾರಿಗೆ ಏನಾದರೂ ಆದರೂ ಇನ್ನೊಂದು ಕೈಯನ್ನು ಸಾಕುತ್ತದೆ ಅನ್ನುವುದು ಅದರ ಅರ್ಥ. ನನಗೆ ಎಷ್ಟು ಹಿಡಿಸಿತೆಂದರೆ, ಟೆಂಪೋದಲ್ಲಿ ವಾಪಸು ಬರುವಾಗ ನನ್ನ ಕೈಗೇ ಮಾಡಿ ನೋಡಿಕೊಂಡೆ.

"ಹಿಂಬದಿ ಗಂಟು ಒಡೆದರೂ ಎಷ್ಟೋ ಸಲ ತಿರುಗಿ ಬರುತ್ತೆ, ಗೊತ್ತಾ?" ಅಂದರು ಡಾಕ್ಟರು.

"ಗಂಟು ತಿರುಗಿ ಬಂದೋರು ನನ್ನತ್ರ ಬರಲಿಲ್ಲ. ನಂಗೆ ಹೆಂಗೆ ಗೊತ್ತಾಗಬೇಕು?" ಅಂದೆ. ಅವರು ಮೊದಲ ಸಲ ನಕ್ಕರು.

ಅವರು ಹೇಳಿದ ತೀರ್ಮಾನ ಹೀಗಿತ್ತು. ಈ ಜಾಗದಲ್ಲಿ ಸೂಜಿ ಹಾಕಿ ಹೀರುವುದು ಬೇಡ, ನಾಡಿ ಮೇಲೇ ಇದೆ. ನೋವಿಲ್ಲದ ಗಂಟಾದರೆ ಸುಮ್ಮನೆ ಬಿಡಬಹುದಿತ್ತು. ನೋವಿದೆ, ಕೆಲಸ ಕೆಡಿಸುತ್ತಿದೆ, ಹಾಗಾಗಿ ತೆಗೆಯುವುದೇ ಸರಿ. ಮೊದಲು ಸುಟ್ಟ ಚರ್ಮ ಮಾಯಬೇಕು, ಆಮೇಲೆ ಆಪರೇಷನ್. ಆಮೇಲೆ ಕೈ ಕೆಲವು ವಾರ ಬಿಗಿದುಕೊಂಡಿರುತ್ತದೆ. ಪರೀಕ್ಷೆ ಫೆಬ್ರವರಿಯಲ್ಲಿ. ಕೈ ಅಷ್ಟರಲ್ಲಿ ಹದಕ್ಕೆ ಬರುತ್ತದೆ ಅಂತ ತಾವು ಮಾತು ಕೊಡುವುದಿಲ್ಲ. ಬೇಕಾದರೆ ಪರೀಕ್ಷೆ ಆದಮೇಲೆ ಮಾಡೋಣ.

ಚರ್ಮ ಮಾಯಲು ಬಿಟ್ಟ ದಿನಗಳಲ್ಲಿ ನಾನು ಎರಡು ದಿನಕ್ಕೊಮ್ಮೆ ಅವರ ಮನೆಗೆ ಹೋಗಿ ಬಟ್ಟೆ ಬದಲಿಸಿದೆ, ಡಾಕ್ಟರು ಕೊಟ್ಟ ಮುಲಾಮು ಹಚ್ಚಿದೆ. ಹೊಸ ಚರ್ಮ ಬಂದಮೇಲೆ ಹುಡುಗಿ ಟೈಪಿಂಗ್ ಶಾಲೆಗೆ ಹೋಗಿ ಕೂತಳು. ಅರ್ಧ ಹಾಳೆಗೆ ಕೈ ನಿಂತಿತು. ದಬ್ಬೆ ಕಟ್ಟಿದರೆ ನೋವಿಲ್ಲ, ಟೈಪೂ ಇಲ್ಲ. ದಬ್ಬೆ ಬಿಚ್ಚಿದರೆ ಟೈಪು ಬರುತ್ತದೆ, ಅದರ ಹಿಂದೆಯೇ ನೋವು.

ಅವತ್ತು ಸಂಜೆ ಅವರ ಮನೆಯಲ್ಲಿ ಮಾತಾಯಿತು. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ತಂದೆ ಗೋಡೆಗೊರಗಿ ಕೂತಿದ್ದ. ಮಾತು ಒರಟು, ಮಗಳ ಮೇಲೆ ಜೀವ. ಅದು ನೋಡಿದರೇ ಗೊತ್ತಾಗುತ್ತಿತ್ತು.

"ಪರೀಕ್ಷೆ ಆಗೋಗ್ಲಿ. ಆಮೇಲೆ ಕೊಯ್ಸಿದ್ರಾಯ್ತು" ಅಂದ.

"ಈ ಕೈಯಲ್ಲಿ ಅಭ್ಯಾಸ ಮಾಡಕ್ಕಾಗಲ್ಲ. ಅಭ್ಯಾಸ ಇಲ್ದೆ ಪರೀಕ್ಷೆ ಹೆಂಗೆ ಕೊಡ್ತಾಳೆ? ಅಲ್ಲಿಗೆ ಹೋಗಿ ಮಿಷಿನ್ನಿಗೆ ಕೈ ಮುಗಿದು ಬತ್ತಾಳಾ?" ಅಂದೆ.

"ಕೊಯ್ದ್ರೆ ಕೈ ಎದ್ದೇಳ್ತದಾ? ಡಾಕ್ಟ್ರೇ ಮಾತು ಕೊಡಲ್ಲ ಅಂತಾರೆ."

ಈ ಕಡೆಯಿಂದ ತಾಯಿ, "ಮಣಿಕಟ್ಟಿಗೆ ಚಾಕು ಬೇಡ ಕಣಜ್ಜಿ, ನಿಮ್ಮ ದಮ್ಮಯ್ಯ" ಅಂದಳು.

ನಾನು ಹುಡುಗಿಯ ಕಡೆ ನೋಡಿದೆ. ಅವಳು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಕೂತಿದ್ದಳು. ಟೈಪಿಂಗ್ ಮಿಷಿನ್ನಿನ ಮೇಲೆ ಯಾವ ಬೆರಳಿಗೆ ಯಾವ ಅಕ್ಷರವೋ ಅದನ್ನು ನೆಲದ ಮೇಲೆ ಹೊಡೆಯುತ್ತಿದ್ದಳು, ತನಗೇ ಗೊತ್ತಿಲ್ಲದೆ.

"ಗಂಟು ತೆಗೆಯೋದು ಡಾಕ್ಟ್ರು. ಕೈ ತಿರುಗಿ ತರೋದು ನಾನು. ಅದಕ್ಕೆ ಡಾಕ್ಟ್ರು ಮಾತು ಕೊಡದಿದ್ರೆ ಬೇಡ, ನಾನು ಕೊಡ್ತೀನಿ" ಅಂದೆ.

"ಬರದಿದ್ರೆ?"

"ಬರದಿದ್ರೆ ಹಾರನಹಳ್ಳಿಗೆ ಬಂದು ಬೀದೀಲಿ ನಿಂತು ಬೈಯಿ. ನಾನು ಬಾಗಿಲು ಹಾಕ್ಕೊಳಲ್ಲ."

ತಂದೆ ಗೋಡೆ ಬಿಟ್ಟು ಮಗಳ ಕಡೆ ತಿರುಗಿದ. "ಏನವ್ವ ಅಂತೀಯಾ?"

"ಕೊಯ್ಲಿ ಕಣಪ್ಪ" ಅಂದಳು.

ಡಾಕ್ಟರಿಗೆ ಹೇಳಿದಾಗ ಅವರು ಒಂದು ಷರತ್ತು ಹಾಕಿದರು. ಕೈ ಪೂರ್ತಿ ಹದಕ್ಕೆ ಬರುವ ತನಕ ಎಣ್ಣೆ ಇಲ್ಲ, ತಿಕ್ಕುವಂತಿಲ್ಲ, ಎಳೆಯುವಂತಿಲ್ಲ. ಹುಡುಗಿ ತಾನಾಗಿ ಆಡಿಸಿದಷ್ಟೇ ಆಟ. ನಲವತ್ತು ವರ್ಷ ಎಣ್ಣೆಯಲ್ಲೇ ಕೈ ಅದ್ದಿದವಳಿಗೆ ಇದು, ಕೈ ಕಟ್ಟಿ ಅಡುಗೆ ಮಾಡು ಅಂದ ಹಾಗೆ. ಒಪ್ಪಿಕೊಂಡೆ.

ಆಪರೇಷನ್ ದಿನ ಹುಡುಗಿ ನನ್ನ ಸೆರಗು ಬಿಡಲಿಲ್ಲ. ಸಿಸ್ಟರು ಕಾಲು ತೊಳೆಸಿ, ಕೈ ಮೊಣಕೈವರೆಗೆ ಉಜ್ಜಿಸಿ, ತಲೆಗೆ ಟೋಪಿ ಹಾಕಿ ನನ್ನನ್ನು ಅವಳ ತಲೆಯ ಹತ್ತಿರ ಕೂರಿಸಿದರು. ಕಂಕುಳಿಗೆ ಚುಚ್ಚುಮದ್ದು ಕೊಟ್ಟರು, ಕೈ ಪೂರ್ತಿ ಮರಗಟ್ಟಿತು. ರಬ್ಬರ್ ಪಟ್ಟಿಯನ್ನು ಬೆರಳ ತುದಿಯಿಂದ ಮೇಲಕ್ಕೆ ಬಿಗಿಯಾಗಿ ಸುತ್ತುತ್ತಾ ಹೋಗಿ ರಕ್ತವನ್ನು ಹಿಂದಕ್ಕೆ ತಳ್ಳಿ, ತೋಳಿನಲ್ಲಿ ಬಿಗಿದು ಕಟ್ಟಿ, ಕೆಳಗಿನ ಸುತ್ತು ಬಿಚ್ಚಿದರು. ಚರ್ಮ ಬಿಡಿಸಿದಾಗ ಹನಿ ರಕ್ತ ಇರಲಿಲ್ಲ, ಎಲ್ಲ ಪಟದಲ್ಲಿ ಬರೆದಂತೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ನನ್ನ ಬೆರಳು ಇಷ್ಟು ವರ್ಷ ಮೇಲಿನಿಂದ ತಡವಿದ್ದನ್ನು ನನ್ನ ಕಣ್ಣು ಮೊದಲ ಸಲ ಕಂಡಿತು.

ನಾಡಿ ಗಂಟಿಗೆ ಅಂಟಿಕೊಂಡೇ ಇತ್ತು. ಡಾಕ್ಟರು ಅದನ್ನು ಸಣ್ಣ ರಬ್ಬರ್ ಎಳೆಯಿಂದ ಎತ್ತಿ ಪಕ್ಕಕ್ಕೆ ಹಿಡಿಸಿ, ಗಂಟನ್ನು ಸುತ್ತಲೂ ಬಿಡಿಸಿದರು. ಬೂದುಬಿಳಿ ಬಣ್ಣ, ದ್ರಾಕ್ಷಿಯಂತೆ ನುಣುಪು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಇಲ್ಲ, ಅದಕ್ಕೆ ಬಾಲವಿತ್ತು. ಮೂಲಂಗಿಯ ಬೇರಿನಂತೆ ಸಣ್ಣಗೆ ಕೀಲಿನ ಒಳಕ್ಕೆ ಇಳಿದಿತ್ತು. "ಇದನ್ನ ಬಿಟ್ಟರೆ ಮತ್ತೆ ಬೆಳೆಯುತ್ತೆ" ಅಂತ ಡಾಕ್ಟರು ತಲೆ ಎತ್ತದೆ ಹೇಳಿದರು. ಅವಸರವಿಲ್ಲದೆ ಬಾಲವನ್ನು ಕೀಲಿನ ಬಾಯಿಯವರೆಗೆ ಹಿಂಬಾಲಿಸಿ ತೆಗೆದರು. ಆಮೇಲೆ ತೋಳಿನ ಬಿಗಿ ಸಡಿಲಿಸಿದರು. ಬೆರಳುಗಳು ತುದಿಯವರೆಗೆ ಕೆಂಪಾದವು. ಗಂಟನ್ನು ಬಟ್ಟಲಲ್ಲಿಟ್ಟು ಸೀಳಿ ನನಗೆ ತೋರಿಸಿದರು. ಲೋಳೆಸರದ ಎಲೆ ಮುರಿದರೆ ಬರುವಂಥದೇ ಲೋಳೆ, ಗಾಜಿನಷ್ಟು ತಿಳಿ.

ಹುಡುಗಿ ಬೇರೆ ಕಡೆ ತಿರುಗಿಕೊಂಡು, "ಆಯ್ತಾ ಅಜ್ಜಿ?" ಅಂದಳು.

"ಅವರ್ದು ಆಯ್ತು. ನಂದು ಈಗ ಶುರು" ಅಂದೆ.

ಹೊಲಿಗೆ ಬಿಚ್ಚುವ ತನಕ ಮಣಿಕಟ್ಟಿಗೆ ಅರೆಪಟ್ಟಿ, ಒಂದೇ ಬದಿಗೆ ಪ್ಲಾಸ್ಟರು. ಬೆರಳು ಮಾತ್ರ ಆಡಿಸಬೇಕು ಅಂತ ಡಾಕ್ಟರ ಅಪ್ಪಣೆ. ಹುಡುಗಿ ಆಡಿಸಲಿಲ್ಲ. ತಾಯಿ ಆಡಿಸಲು ಬಿಡಲಿಲ್ಲ. ಅನ್ನ ಕಲಸಿ ತುತ್ತು ಕೊಡುತ್ತಿದ್ದಳು, ಕೂದಲು ಬಾಚುತ್ತಿದ್ದಳು, ಕೈಗೆ ದಿಂಬು ಇಡುತ್ತಿದ್ದಳು. ಕರಟದೆಣ್ಣೆಯ ಪಾಪವನ್ನು ಹೀಗೆ ತೊಳೆಯುತ್ತಿದ್ದಳು ಅಂತ ಕಾಣುತ್ತದೆ. ಹೊಲಿಗೆ ಬಿಚ್ಚಿದ ದಿನ ಬೆರಳುಗಳು ಬಡಿಗೆಯಂತಿದ್ದವು. ಮಣಿಕಟ್ಟು ಹಿಂದಕ್ಕೆ ಬಾಗಲೇ ಇಲ್ಲ. ಟೈಪಿಂಗಿಗೆ ಬೇಕಾದದ್ದೇ ಆ ಬಾಗು.

ನಾನು ತಾಯಿಗೆ, "ಇನ್ನೊಂದು ತುತ್ತು ಕೊಟ್ರೆ ನಾನು ವಾಪಸ್ ಹೋಗ್ತೀನಿ" ಅಂದೆ. ಅವಳು ಕೈ ಒರೆಸಿಕೊಂಡು ಎದ್ದಳು.

ಎಣ್ಣೆಯಿಲ್ಲದೆ, ತಿಕ್ಕದೆ, ಎಳೆಯದೆ ಕೈಯನ್ನು ಸಡಿಲಿಸುವುದು ಹೇಗೆ? ಟೆಂಪೋದಲ್ಲಿ ಕೂತು ಅದನ್ನೇ ಯೋಚಿಸಿದೆ. ನನ್ನ ಕೈ ಕೆಲಸ ಮಾಡುವಂತಿಲ್ಲ ಅಂದರೆ ಅವಳ ಕೈಗೆ ಕೆಲಸ ಹುಡುಕಬೇಕು. ಗಾಯದ ಗೆರೆ ಪೂರ್ತಿ ಕೂಡಿಕೊಂಡಿದೆ, ನೀರು ತಾಗಬಹುದು ಅಂತ ಡಾಕ್ಟರು ಹೇಳಿದ ಮೇಲೆ, ದಿನಾ ಬೆಳಗ್ಗೆ ಅವರ ಮನೆಗೆ ಹೋಗಿ ಬಿಸಿನೀರಿನ ಬೋಗುಣಿಯಲ್ಲಿ ಕೈ ಮುಳುಗಿಸಿ ಕೂರಿಸಿದೆ. ನೀರಿನೊಳಗೇ ಮುಷ್ಟಿ ಕಟ್ಟುವುದು, ಬಿಚ್ಚುವುದು. ಆಮೇಲೆ ರಾಗಿ ಹಿಟ್ಟನ್ನು ಬೆಚ್ಚಗೆ ಕಲಸಿ ಅವಳ ಮುಂದಿಟ್ಟೆ. ಮೊದಲ ದಿನ ಬೆರಳ ಗುರುತೂ ಬೀಳಲಿಲ್ಲ. ಅತ್ತಳು.

"ಅಳು. ಅತ್ಕೊಂಡೇ ನಾದು. ಬಾಯಿ ಅಳಲಿ, ಕೈ ಕೆಲಸ ಮಾಡ್ಲಿ" ಅಂದೆ.

"ನೀನು ರಾಕ್ಷಸಿ ಕಣಜ್ಜಿ."

"ಹೂಂ, ಅದಕ್ಕೇ ನಿಮ್ಮಮ್ಮ ನಿನ್ನ ನನ್ನತ್ರ ತಂದಿದ್ದು. ನಾದು."

ಅಂಗೈಯನ್ನು ಮೇಜಿನ ಅಂಚಿಗೆ ಊರಿ, ತನ್ನ ಮೈಭಾರವನ್ನು ತಾನೇ ಸ್ವಲ್ಪ ಸ್ವಲ್ಪ ಬಿಡುತ್ತಾ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು ಇನ್ನೊಂದು ಪಾಠ. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ನನ್ನ ಕೈ ತುರಿಸುತ್ತಿತ್ತು. ಒಂದು ಸಲ ಹಿಡಿದು ಎಳೆದುಬಿಟ್ಟರೆ ಬಂದುಬಿಡುತ್ತದೆ ಅನ್ನಿಸುತ್ತಿತ್ತು. ಕೈಯೆರಡನ್ನೂ ನನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಡಾಕ್ಟರಿಗೆ ಕೊಟ್ಟ ಮಾತು ಅದು.

ಬೆರಳು ಬಂತು. ಮಣಿಕಟ್ಟು ನಿಧಾನಕ್ಕೆ ಬಂತು. ಹುಡುಗಿ ಟೈಪಿಂಗ್ ಶಾಲೆಗೆ ಹೋಗಿ ಕೂತ ದಿನ ಅವರಪ್ಪ ಮಂಡಿಯಿಂದ ಬೆಲ್ಲ ತಂದು ಬೀದಿಗೆಲ್ಲ ಹಂಚಿದ. ಸಂಜೆ ಹುಡುಗಿ ತಾನು ಹೊಡೆದ ಹಾಳೆ ಹಿಡಿದು ಬಂದಳು, ಮುಖ ಬಾಡಿತ್ತು. ನನಗೆ ಹಾಳೆ ಓದಲು ನಿಧಾನ. ಆದರೆ ಅದರಲ್ಲಿ ಏನೋ ಸರಿಯಿಲ್ಲ ಅಂತ ನನಗೂ ಕಂಡಿತು. ಸಾಲು ಪೂರ್ತಿ ಒಂದೇ ಉದ್ದನೆಯ ಮಾತು, ಮಧ್ಯೆ ಉಸಿರಾಡಲು ಜಾಗವಿಲ್ಲ.

"ಪದದ ಮಧ್ಯೆ ಜಾಗ ಬಿಡೋಕೆ ಬಲಗೈ ಹೆಬ್ಬೆರಳಲ್ಲಿ ಮಿಷಿನ್ನಿನ ಕೆಳಗಿನ ಉದ್ದ ಪಟ್ಟಿ ಹೊಡೀಬೇಕು ಅಜ್ಜಿ. ಹೊಡೆದೆ ಅಂದ್ಕೋತೀನಿ, ಹೊಡೆದಿರೋದೇ ಇಲ್ಲ. ಹೆಬ್ಬೆರಳಿಗೆ ಗೊತ್ತೇ ಆಗಲ್ಲ."

ಕೋಳಿಪುಕ್ಕ ತಂದು ಕಣ್ಣು ಮುಚ್ಚಿಸಿ ಹೆಬ್ಬೆರಳಿನ ಮೇಲೆ ಸವರಿದೆ. ತುದಿಯಲ್ಲಿ ಗೊತ್ತಾಯಿತು. ಬೆನ್ನ ಮೇಲೆ, ಬುಡದವರೆಗೆ, ಏನೂ ಗೊತ್ತಾಗಲಿಲ್ಲ. ಬಲವೂ ಇರಲಿಲ್ಲ, ನನ್ನ ಬೆರಳನ್ನು ಚಿವುಟು ಅಂದರೆ ಹಿಡಿ ಸಿಗಲಿಲ್ಲ. ಬೆಳಗಾಗುತ್ತಲೇ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಸೂಜಿಯ ಮೊಂಡು ತುದಿಯಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಸ್ಪರ್ಶದ ಸಣ್ಣ ನರ ಆಪರೇಷನ್ನಿನಲ್ಲಿ ಎಳೆದಾಡಿ ನೊಂದಿದೆ, ಕಡಿದಿಲ್ಲ, ಬರುತ್ತದೆ ಅಂದರು. ಬಲ ಕಡಿಮೆಯಾಗಿರುವುದು ಬಳಸದೆ ಬಿಟ್ಟದ್ದಕ್ಕೆ. ಪರೀಕ್ಷೆಗೆ ಮುಂಚೆ ಬರುತ್ತದಾ ಅಂತ ಕೇಳಿದೆ. "ನರ ಕ್ಯಾಲೆಂಡರ್ ನೋಡಲ್ಲ ಅಮ್ಮಾ" ಅಂದರು.

ಟೈಪಿಂಗ್ ಮೇಷ್ಟ್ರು ಒಳ್ಳೆಯವರು. ಎಡಗೈ ಹೆಬ್ಬೆರಳಿನಲ್ಲಿ ಪಟ್ಟಿ ಹೊಡೆ, ಪರೀಕ್ಷೆಯಲ್ಲಿ ಹಾಳೆ ನೋಡುತ್ತಾರೆ, ಬೆರಳು ನೋಡುವುದಿಲ್ಲ ಅಂತ ಹೇಳಿಕೊಟ್ಟರು. ಹುಡುಗಿಗೆ ಜೀವ ಬಂದಂತಾಯಿತು. ಅವಳು ಬಂದು ಹೇಳಿದಾಗ ನಾನು ಬೇಡ ಅಂದೆ.

"ಯಾಕಜ್ಜಿ? ಪಾಸಾದ್ರೆ ಸಾಕಲ್ವಾ?"

"ಸಾಕಾಗಲ್ಲ. ಇವತ್ತು ಎಡಗೈ ದುಡೀತೈತೆ ಅಂತ ಗೊತ್ತಾದ್ರೆ ಬಲಗೈ ಹೆಬ್ಬೆರಳು ಮಲಗೇ ಇರ್ತದೆ. ಕಚೇರೀಲಿ ದಿನವೆಲ್ಲ ಹೊಡೆಯೋಳು ನೀನು. ನಾನು ಮಾತು ಕೊಟ್ಟಿರೋದು ಪರೀಕ್ಷೆಗಲ್ಲ, ಕೈಗೆ."

"ಫೇಲಾದ್ರೆ ಮಚ್ಚು ಹಿಡಿಯೋಳು ನಾನು, ನೀನಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು. "ಸಂಕ್ರಾಂತಿವರೆಗೆ ನಂಗೆ ಕೊಡು. ಅಷ್ಟರಲ್ಲಿ ಬರದಿದ್ರೆ ಎಡಗೈಯಲ್ಲೇ ಹೊಡಿ, ನಾನು ಉಸಿರೆತ್ತಲ್ಲ" ಅಂದೆ. ಅವಳು ತಲೆಯಾಡಿಸಿದಳು, ಸಿಟ್ಟಿನಲ್ಲೇ.

ಅದು ಅವರೆಯ ಕಾಲ. ಹಾರನಹಳ್ಳಿಯ ಹೊಲದಿಂದ ಸೊಗಡು ಅವರೆಕಾಯಿ ಚೀಲ ತುಂಬ ತಂದೆ. ಕಾಳು ಬಿಡಿಸಿ ನೀರಲ್ಲಿ ನೆನೆಹಾಕಿ, ಆ ಬಾಂಡಲಿಯನ್ನು ಹುಡುಗಿಯ ಮುಂದಿಟ್ಟೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಹಿಸುಕಿದರೆ ಸಿಪ್ಪೆಯಿಂದ ಪುಳಕ್ಕನೆ ಹೊರಗೆ ಹಾರುತ್ತದೆ. ಹೆಚ್ಚು ಒತ್ತಿದರೆ ಕಾಳು ಜಜ್ಜುತ್ತದೆ, ಕಡಿಮೆ ಒತ್ತಿದರೆ ಸಿಪ್ಪೆ ಬಿಡುವುದಿಲ್ಲ. ಬೆರಳಿಗೆ ಗೊತ್ತಾಗಲೇಬೇಕು. ಹೆಬ್ಬೆರಳಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಮೊದಲ ದಿನ ಜಜ್ಜಿದ ಕಾಳೇ ಹೆಚ್ಚು. ತಾಯಿ ಅದನ್ನು ಹಾಗೇ ಸಾರಿಗೆ ಹಾಕಿದಳು. ಮಾರನೆಯ ದಿನ ಕಾಳುಗಳು ಗೋಡೆಗೆ ಹಾರಿದವು, ಅವರಪ್ಪನ ತಲೆಗೆ ಒಂದು ಬಿತ್ತು. ಆಮೇಲಾಮೇಲೆ ಬಾಂಡಲಿಯೊಳಗೇ ಬೀಳತೊಡಗಿದವು. ದಿನವೂ ಹಿತಕಿದ ಅವರೆಕಾಳಿನ ಸಾರು, ದಿನವೂ ಮುದ್ದೆ. ಪಕ್ಕದ ಮನೆಯವರಿಗೂ ಕೊಟ್ಟು ಕೊಟ್ಟು, ಒಂದು ದಿನ ಪಕ್ಕದ ಮನೆಯವಳೇ ಬಂದು, "ನಿಮ್ಮುಡುಗಿ ಕೈ ಯಾವಾಗ ಹುಷಾರಾಗ್ತದೆ? ನಮ್ಮನೇಲಿ ಎಲ್ರಿಗೂ ಹೊಟ್ಟೆ ಉಬ್ಬರ" ಅಂದಳು. ಹುಡುಗಿ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

ಬೆಳಗ್ಗೆ ಬೆಳಗ್ಗೆ ಪುಕ್ಕ ಸವರುತ್ತಿದ್ದೆ. ಗೊತ್ತಾಗದ ಜಾಗ ಗದ್ದೆಯ ನೀರು ಇಂಗಿದ ಹಾಗೆ ಸುತ್ತಲಿಂದ ಕಿರಿದಾಗುತ್ತಾ ಬಂತು. ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ ಅವಳು ಒಂದು ಹಾಳೆ ತಂದು ನನ್ನ ಮಡಿಲಿಗೆ ಎಸೆದಳು. ಮಾತು ಮಾತಿನ ಮಧ್ಯೆ ಒಂದ್ಸಲವೂ ತಪ್ಪದ ಹಾಗೆ ಜಾಗ ಬಿಟ್ಟಿತ್ತು.

"ಯಾವ ಕೈ?" ಅಂದೆ.

"ಯಾವ ಕೈ ಅಂತ ಕೇಳ್ತೀಯಲ್ಲ, ನಾಚಿಕೆಯಾಗಲ್ವಾ?" ಅಂದಳು.

ಪರೀಕ್ಷೆಯ ದಿನ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಅವಳ ತಂದೆ, ತಾಯಿ, ನಾನು ಸಾಲಾಗಿ ಕೂತೆವು. ಒಳಗೆ ಹತ್ತಾರು ಮಿಷಿನ್ನುಗಳು ಒಟ್ಟಿಗೆ ಬಡಿಯತೊಡಗಿದಾಗ ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗಿತ್ತು. ಯಾವುದು ಅವಳದು ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ತಾಯಿ ಕಣ್ಣು ಮುಚ್ಚಿಕೊಂಡಿದ್ದಳು. ತಂದೆ ಬೀಡಿ ಹಚ್ಚುವುದು, ಆರಿಸುವುದು, ಮತ್ತೆ ಹಚ್ಚುವುದು. ಒಂದೊಂದೇ ಮಿಷಿನ್ನು ನಿಲ್ಲುವಾಗ ಅವನು ನನ್ನ ಮುಖ ನೋಡುತ್ತಿದ್ದ.

"ನನ್ನ ಮುಖದಲ್ಲೇನೈತೆ? ಸುಮ್ನೆ ಕೂತ್ಕೊ" ಅಂದೆ. ನಾನೂ ನಿಂತ ಮಿಷಿನ್ನು ಎಣಿಸುತ್ತಿದ್ದೆ, ಅದನ್ನು ಅವನಿಗೆ ಹೇಳಲಿಲ್ಲ.

ಪಾಸಾದಳು ಅನ್ನುವ ಸುದ್ದಿ ಬೇಸಿಗೆಯಲ್ಲಿ ಬಂತು. ಆಮೇಲೆ ತಿಪಟೂರಿನ ಒಂದು ಕಚೇರಿಯಲ್ಲಿ ಕೆಲಸವಾಯಿತು, ಈಗಲೂ ದುಡಿಯುತ್ತಾಳೆ, ಗಂಟು ತಿರುಗಿ ಬಂದಿಲ್ಲ. ಡಾಕ್ಟರು ಆಮೇಲೆ ಹೊಲಿಗೆ ಬಿಚ್ಚಿದ ಕೆಲವರನ್ನು ನನ್ನ ಜಗಲಿಗೆ ಕಳಿಸಿದರು, ನಾನು ನಾಡಿಯ ಮೇಲಿನ ಗಂಟುಗಳನ್ನು ಅವರ ಹತ್ತಿರ ಕಳಿಸಿದೆ. ಆದರೆ ಪಾಸಿನ ಸುದ್ದಿ ಬಂದಾಗ ನನಗೆ ಅದು ಹೊಸದು ಅನ್ನಿಸಲಿಲ್ಲ. ಪರೀಕ್ಷೆಯ ದಿನವೇ ನನಗೆ ಬೇಕಾದದ್ದು ಸಿಕ್ಕಿತ್ತು.

ಅವತ್ತು ಹುಡುಗಿ ಹೊರಗೆ ಬಂದಳು. ತಂದೆ, "ಹೆಂಗಾಯ್ತವ್ವ?" ಅಂದ. "ಪೂರ್ತಿ ಹೊಡೆದೆ" ಅಂದಳು, ಅಷ್ಟೆ. ನಾನು ಸಂತೆಯಲ್ಲಿ ಕೊಂಡಿದ್ದ ಅಕ್ಕಿ, ಬೆಲ್ಲ ತುಂಬಿದ ಚೀಲ ಹೊತ್ತು ಎದ್ದು ನಿಂತೆ. ಸೊಂಟ ಹಿಡಿದುಕೊಂಡಿತ್ತು. ಅವಳು ಏನೂ ಕೇಳದೆ ಚೀಲವನ್ನು ನನ್ನ ಕೈಯಿಂದ ಎಳೆದುಕೊಂಡು ಟೆಂಪೋ ನಿಲ್ಲುವ ಕಡೆ ಮುಂದೆ ಮುಂದೆ ನಡೆದಳು. ತಾಯಿ, "ಅಯ್ಯೋ, ಆ ಕೈಯಲ್ಲಿ ಹಿಡೀಬೇಡ ಕಣೇ!" ಅಂತ ಹಿಂದಿನಿಂದ ಕೂಗಿದಳು. ಹುಡುಗಿ, "ಯಾವ ಕೈಯಲ್ಲಮ್ಮ?" ಅಂತ ತಿರುಗಿ ನಿಂತು, ತನ್ನ ಬಲಗೈಯನ್ನು ಒಂದು ಸಲ ನೋಡಿಕೊಂಡಳು. ಚೀಲವನ್ನು ಅದೇ ಕೈಯಲ್ಲಿ ಇನ್ನಷ್ಟು ಮೇಲಕ್ಕೆತ್ತಿ ಹಿಡಿದು ನಡೆದಳು.

ನಾನು ಕೊಡು ಅನ್ನಲಿಲ್ಲ.